ದೊಡ್ಡಮ್ಮನ ವಿಲ್ ಕೋರ್ಟಿನಲ್ಲಿ ಸಾಬೀತು ಮಾಡಿದ್ದು: ನನ್ನ ಅನುಭವ

ನಮ್ಮ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಚನ್ನಗಿರಿ ಕಡೆ ಇದ್ದ ಅಡಿಕೆ ತೋಟವನ್ನು ನನ್ನ ಹೆಸರಿಗೆ ವಿಲ್ ಬರೆಸಿ, ದಾವಣಗೆರೆಯಲ್ಲಿ ನೋಟರಿ ಮಾಡಿಸಿದ್ದಳು. ರಿಜಿಸ್ಟರ್ ಆಗಿರಲಿಲ್ಲ. ಅವಳು ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟೆ, ದಾಯಾದಿಗಳು ತಕರಾರು ಹಾಕಿದರು. ತಕರಾರು ಬಂದ ವಿಲ್ ನಿಜವೋ ಸುಳ್ಳೋ ಅಂತ ಕಂದಾಯ ಇಲಾಖೆ ತೀರ್ಮಾನ ಮಾಡುವ ಹಾಗಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಹೋದೆ.

ಎಲ್ಲರೂ 'ನೋಟರಿ ಸೀಲು ಇದೆಯಲ್ಲ, ಭಯ ಯಾಕೆ' ಅಂದರು. ಆದರೆ ಸೀಲಿನಿಂದ ವಿಲ್ ಸಾಬೀತಾಗುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಂ ಕೇಳುವುದು ಇಬ್ಬರು ಸಾಕ್ಷಿಗಳನ್ನು. ಬರೆಸಿದವರು ಸಹಿ ಹಾಕಿದ್ದನ್ನು ಸಾಕ್ಷಿಗಳು ಕಂಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಬರೆಸಿದವರ ಬಾಯಿಂದ ಕೇಳಿರಬೇಕು, ಆಮೇಲೆ ಅವರೆದುರೇ ತಾವೂ ಸಹಿ ಹಾಕಿರಬೇಕು. ಕೋರ್ಟಿನಲ್ಲಿ ಆ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಬಂದು ನುಡಿಯಬೇಕು. ಹಳೆ ಸಾಕ್ಷ್ಯ ಕಾಯ್ದೆಯ 68ನೇ ಕಲಂ ಹೀಗೇ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 67ನೇ ಕಲಂ.

ನಮ್ಮ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಆಗಲೇ ತೀರಿಕೊಂಡಿದ್ದರು. ಉಳಿದವರು ಊರಿನ ನಿವೃತ್ತ ಮೇಷ್ಟ್ರು. ಅವರ ಮುಖ್ಯ ವಿಚಾರಣೆ, ಅಂದರೆ ನಮ್ಮ ಪರವಾಗಿ ಕೊಡುವ ಹೇಳಿಕೆ, ಅಫಿಡವಿಟ್ ಮೂಲಕ ಆಯಿತು. ಕಷ್ಟ ಇದ್ದದ್ದು ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರು ಪ್ರಶ್ನೆ ಕೇಳುವಾಗ. ಯಾರು ಓದಿ ಹೇಳಿದರು, ಯಾರು ಮೊದಲು ಸಹಿ ಹಾಕಿದರು, ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿತ್ತಾ, ಒಂದಾದ ಮೇಲೆ ಒಂದು ಪ್ರಶ್ನೆ. ಮೇಷ್ಟ್ರು ಸಾವಧಾನವಾಗಿ, 'ಅವರೇ ಕನ್ನಡಕ ಹಾಕಿಕೊಂಡು ಓದಿದರು, ಎರಡನೇ ಪುಟದಲ್ಲಿ ಸಹಿ ಮಾಡುವಾಗ ಹೆಸರಿನ ಒತ್ತಕ್ಷರ ಬಿಟ್ಟುಹೋಯಿತು, ನಾನು ತೋರಿಸಿದೆ, ಅವರೇ ಕೆಳಗೆ ಸೇರಿಸಿದರು' ಅಂದರು. ನ್ಯಾಯಾಧೀಶರು ಪುಟ ತಿರುಗಿಸಿ ನೋಡಿದರು. ಒತ್ತಕ್ಷರ ಹಾಗೇ ಇತ್ತು, ಸ್ವಲ್ಪ ಓರೆಯಾಗಿ. ಕಂಡವರು ಮಾತ್ರ ಹೇಳಬಹುದಾದ ಮಾತು ಅದು, ಅಲ್ವಾ?

ವಿಲ್ ಬರೆಸುವಾಗ ನಾನು ಅಲ್ಲಿದ್ದೆನಾ ಅಂತಲೂ ಕೆದಕಿದರು. ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಆಸ್ತಿ ಪಡೆಯುವವನೇ ಮುಂದೆ ನಿಂತು ಬರೆಸಿದರೆ ಅದು ಅನುಮಾನಕ್ಕೆ ಕಾರಣವಾಗುತ್ತದೆ, ಆ ಅನುಮಾನ ಕಳೆಯುವ ಹೊಣೆ ಅವನದೇ. ಮೈಸೂರಿನ ಒಂದು ವಿಲ್ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೀಗೆ ಹೇಳಿದೆ, ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಅಂದರೆ ವಕೀಲರಿಗೆಲ್ಲ ಗೊತ್ತು.

ಹಾಗಂತ ನೋಟರಿ ಸುಮ್ನೆ ದಂಡ ಅಂತಲ್ಲ. ನೋಟರಿ ತಮ್ಮ ರಿಜಿಸ್ಟರಿನಲ್ಲಿ ನಮೂದು ಮಾಡಿಕೊಂಡಿರುತ್ತಾರೆ. ಅದನ್ನು ತರಿಸಿದ್ದರಿಂದ ತಾರೀಖಿನ ಮೇಲಿದ್ದ ತಕರಾರು ನಿಂತುಹೋಯಿತು. ತೀರ್ಪು ನನ್ನ ಕಡೆಗೇ ಆಯಿತು, ಅದರ ನಕಲು ಕೊಟ್ಟ ಮೇಲೆ ಪಹಣಿಯಲ್ಲಿ ಹೆಸರೂ ಬಂತು.

ವಿಲ್ ಬರೆಸುವವರು ನಿಮ್ಮಲ್ಲಿದ್ದರೆ ಅವರಿಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಇರುವ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಸಾಕ್ಷಿಗೆ ಕರೆಯಿರಿ. ಅವರ ವಿಳಾಸ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಕೂಡ ಮಾಡಿಸಿ. ಕಡ್ಡಾಯವಲ್ಲ, ಆದರೂ ಒಳ್ಳೆಯದು. ರಿಜಿಸ್ಟರ್ ಆದ ವಿಲ್ಲಿಗೂ ಕೋರ್ಟಿನಲ್ಲಿ ಸಾಕ್ಷಿ ಬರಲೇಬೇಕು, ಅದನ್ನು ಮರೆಯಬೇಡಿ.