ಇದು ನಿಜಾನಾ, ಸ್ವಲ್ಪ ನೋಡಮ್ಮ

ಬೆಂಗಳೂರಿನ ಶ್ರೀನಗರ ಬಸ್ ಸ್ಟಾಂಡ್ ಹತ್ತಿರ ನಮ್ಮದೊಂದು ಝೆರಾಕ್ಸ್ ಅಂಗಡಿ. ಪ್ರಿಂಟ್‌ಔಟ್, ಲ್ಯಾಮಿನೇಷನ್, ರೀಚಾರ್ಜ್, ಸೇವಾಸಿಂಧು ಅರ್ಜಿ, ಕರೆಂಟ್ ಬಿಲ್ಲು ಎಲ್ಲ ಇಲ್ಲೇ. ಕೆಲವು ವರ್ಷಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿದೆ, ಅದಕ್ಕೆ ರೇಟ್ ಬೋರ್ಡಿನಲ್ಲಿ ಜಾಗ ಇಲ್ಲ. ಜನ ಫೋನನ್ನು ಕೌಂಟರ್ ಮೇಲಿಟ್ಟು "ಇದು ನಿಜಾನಾ, ಸ್ವಲ್ಪ ನೋಡಮ್ಮ" ಅನ್ನುತ್ತಾರೆ.

ನಾನು ಮೆಸೇಜನ್ನು ಮೊದಲು ಓದುವುದಿಲ್ಲ. ಓದಿದರೆ ನಮಗೂ ಗಾಬರಿ ಹತ್ತುತ್ತದೆ, ಅದನ್ನು ಬರೆದಿರುವುದೇ ಗಾಬರಿ ಹತ್ತಿಸೋಕೆ. ಮೊದಲು ನೋಡುವುದು ಯಾರಿಂದ ಬಂದಿದೆ ಅಂತ. ಆಮೇಲೆ, ನಮ್ಮನ್ನು ಎಲ್ಲಿಗೆ ಕರೆಯುತ್ತಿದೆ ಅಂತ. ಲಿಂಕಾ, ಫೋನ್ ನಂಬರಾ, ಆಪಾ? ಅವರು ತೋರಿಸಿದ ದಾರಿ ಬಿಟ್ಟು, ನಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ಹೋಗಿ ವಿಷಯ ವಿಚಾರಿಸುತ್ತೇನೆ. ನನ್ನ ವಿದ್ಯೆ ಇಷ್ಟೇ.

ಬೆಸ್ಕಾಂ ಹೆಸರಿನದು ಹಳೇ ಆಟ. "ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಆಗುತ್ತದೆ, ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿ." ಬಂದಿರುವುದು ಯಾವುದೋ ಮೊಬೈಲ್ ನಂಬರಿನಿಂದ. ರಾತ್ರಿ ಒಂಬತ್ತೂವರೆಗೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತದ್ದನ್ನು ನಾನಂತೂ ನೋಡಿಲ್ಲ. ಮೆಸೇಜಿನಲ್ಲಿ ಆರ್‌ಆರ್ ನಂಬರ್ ಇಲ್ಲ, ಅಕೌಂಟ್ ಐಡಿ ಇಲ್ಲ, ಬಾಕಿ ಎಷ್ಟು ಅಂತಲೂ ಇಲ್ಲ. ಮನೆಯಿಂದ ಹಳೇ ಬಿಲ್ಲು ತನ್ನಿ ಅನ್ನುತ್ತೇನೆ. ಅದರ ಮೇಲಿರುವ ಅಕೌಂಟ್ ಐಡಿ ಹಾಕಿ ಬಾಕಿ ನೋಡಿದರೆ ಮುಗಿಯಿತು. ಇಲ್ಲವೇ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್. ಎಷ್ಟೋ ಸಲ ಆ ಮನೆಯ ಬಿಲ್ಲನ್ನು ಹೋದ ವಾರ ಕಟ್ಟಿದವಳು ನಾನೇ ಆಗಿರುತ್ತೇನೆ!

ಬ್ಯಾಂಕಿನ ಎಸ್ಸೆಮ್ಮೆಸ್ ಹತ್ತಂಕಿಯ ನಂಬರಿನಿಂದ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಗೆರೆ, ಒಂದು ಅಕ್ಷರ ಸೇರಿದೆ. ಪಿ ಇದ್ದರೆ ಜಾಹೀರಾತು, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸರ್ಕಾರ. ಕೆವೈಸಿ ಆಗಿಲ್ಲ, ಅಕೌಂಟ್ ಬ್ಲಾಕ್ ಆಗುತ್ತದೆ ಅನ್ನುವ ಮೆಸೇಜು ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿದ್ದರೆ ನಾನು ಮುಂದೆ ಓದುವುದೇ ಇಲ್ಲ. ಕರೆಗಳಿಗೂ ಹೀಗೇ ಒಂದು ಏರ್ಪಾಡು ಇದೆ. ಬ್ಯಾಂಕು, ಇನ್ಶೂರೆನ್ಸ್‌ನವರ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳು, ಜಾಹೀರಾತಿನ ಕರೆಗಳಿಗೆ 140. ಹಾಗಂತ ಹೆಸರು ಸರಿಯಾಗಿದೆ ಅಂತ ಲಿಂಕ್ ಒತ್ತುವುದೂ ಬೇಡ. ಬ್ಯಾಂಕಿನ ಆಪ್ ನಮ್ಮ ಫೋನಿನಲ್ಲೇ ಇರುತ್ತಲ್ಲ, ಅದನ್ನೇ ತೆರೆದು ನೋಡಿದರಾಯಿತು.

ಲಿಂಕನ್ನು ಹಿಂದಿನಿಂದ ಓದಬೇಕು. ಕಾಗದದ ಮೇಲಿನ ವಿಳಾಸದಲ್ಲಿ ಊರಿನ ಹೆಸರು ಕೊನೆಗೆ ಬರುವ ಹಾಗೆ, ಇಲ್ಲೂ ನಿಜವಾದ ಯಜಮಾನನ ಹೆಸರು ಕೊನೆಯಲ್ಲಿರುತ್ತದೆ. ಮೊದಲ ಒಂಟಿ ಸ್ಲ್ಯಾಶ್ ಎಲ್ಲಿದೆ ನೋಡಿ, ಅದಕ್ಕೆ ಮುಂಚೆ ಏನಿದೆಯೋ ಅದೇ ಮುಖ್ಯ. ಶುರುವಿನಲ್ಲಿ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಅಂತ ಚೆಂದಾಗಿ ಬರೆದು, ಅದರ ಮುಂದೆ ಇನ್ನೇನೋ ಸೇರಿಸಿ, ಕೊನೆಗೆ ಡಾಟ್ ಕಾಮ್ ಅಂತ ಮುಗಿಸಿರುತ್ತಾರೆ. ಬ್ಯಾಂಕುಗಳಿಗೆ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನುವ ಕೊನೆ ಇದೆ. 2025ರ ಅಕ್ಟೋಬರ್ ಕೊನೆಯೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಗುರುತು ಹಿಡಿಯೋಕೆ ಇದು ತುಂಬಾ ಸುಲಭ.

ಈಗ ಜಾಸ್ತಿ ಬರುತ್ತಿರುವುದು ಟ್ರಾಫಿಕ್ ಫೈನ್ ಹೆಸರಿನ ಮೆಸೇಜು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಾಕಿ ಫೈನಿಗೆ ಅರ್ಧ ರಿಯಾಯಿತಿ ಕೊಟ್ಟಾಗ ಗಾಡಿ ನಂಬರ್ ಹಾಕಿ ನೋಡಿಸುವವರ ಸಾಲೇ ನಮ್ಮಲ್ಲಿತ್ತು. ಸಿಗ್ನಲ್ ಸಿಗ್ನಲ್‌ಗೂ ಕ್ಯಾಮೆರಾ ಇರುವ ಊರಿನಲ್ಲಿ "ನಿಮ್ಮ ಗಾಡಿ ಮೇಲೆ ಚಲನ್ ಇದೆ" ಅಂದರೆ ಯಾರು ತಾನೇ ಅನುಮಾನ ಪಡುತ್ತಾರೆ? ಊಟ ಡೆಲಿವರಿ ಮಾಡುವ ಹುಡುಗನೊಬ್ಬ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದ. "ಅಕ್ಕಾ, ಚಲನ್ ಓಪನ್ ಆಗ್ತಿಲ್ಲ, ಪ್ರಿಂಟ್ ತೆಗೀರಿ" ಅಂದ. ವಾಟ್ಸಾಪಿನಲ್ಲಿ ಒಂದು ಫೈಲ್. ಹೆಸರಿನಲ್ಲಿ ಆರ್‌ಟಿಒ ಅಂತ ಇತ್ತು, ಆದರೆ ಕೊನೆಗೆ ಪಿಡಿಎಫ್ ಅಂತ ಇರಲಿಲ್ಲ, ಎಪಿಕೆ ಅಂತ ಇತ್ತು. ಎಪಿಕೆ ಅಂದರೆ ಅದು ಕಾಗದ ಅಲ್ಲ, ಆಪ್. ಅವನು ಆಗಲೇ ಇನ್‌ಸ್ಟಾಲ್ ಒತ್ತಿ, ಎಸ್ಸೆಮ್ಮೆಸ್ ಓದಲು ಅನುಮತಿಯನ್ನೂ ಕೊಟ್ಟಾಗಿತ್ತು. ಇಂಥ ಆಪ್, ಫೋನಿಗೆ ಬರುವ ಒಟಿಪಿಯನ್ನೆಲ್ಲ ಕಳ್ಳರಿಗೆ ಕಳಿಸುತ್ತಿರುತ್ತದೆ. ಕೆಲವು ನಮ್ಮ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆಲ್ಲ ತಾವೇ ಹೋಗಿಬಿಡುತ್ತವೆ. ಹಾಗಾಗಿ ಗೊತ್ತಿರುವವರ ನಂಬರಿನಿಂದ ಬಂತು ಅಂತ ನಂಬುವ ಹಾಗಿಲ್ಲ.

ನಾನು ಮಾಡಿದ್ದು ಇಷ್ಟು. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈಯನ್ನೂ ಆರಿಸಿದೆ. ನನ್ನ ಫೋನಿನಿಂದ ಅವನ ಬ್ಯಾಂಕಿಗೆ ಫೋನ್ ಮಾಡಿಸಿ, ಯುಪಿಐ ಮತ್ತು ಕಾರ್ಡ್ ನಿಲ್ಲಿಸಲು ಹೇಳಿಸಿದೆ. ನಂಬರನ್ನು ತೆಗೆದುಕೊಂಡದ್ದು ಅವನ ಎಟಿಎಂ ಕಾರ್ಡಿನ ಹಿಂಭಾಗದಿಂದ. ಗೂಗಲ್‌ನಲ್ಲಿ ಹುಡುಕಿದರೆ ಅಲ್ಲೂ ಕಳ್ಳರು ಹಾಕಿದ ಕಸ್ಟಮರ್ ಕೇರ್ ನಂಬರ್ ಸಿಗಬಹುದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದೆ. ಅನ್‌ಇನ್‌ಸ್ಟಾಲ್ ಬಟನ್ ಮಬ್ಬಾಗಿತ್ತು, ಒತ್ತಿದರೂ ಒತ್ತುತ್ತಿರಲಿಲ್ಲ. ಡಿವೈಸ್ ಅಡ್ಮಿನ್ ಅನ್ನುವ ಕಡೆ ಅದು ತನಗೆ ತಾನೇ ಅಧಿಕಾರ ಪಡೆದುಕೊಂಡಿತ್ತು. ಅಲ್ಲಿ ಟಿಕ್ ತೆಗೆದ ಮೇಲೆ ಅಳಿಸಿ ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. ಫೋಟೊಗಳನ್ನು ಕಾಪಿ ಮಾಡಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಸಿದೆ. ಪಾಪ, ಅವತ್ತಿನ ಆರ್ಡರ್‌ಗಳು ಹೋದವು ಅಂತ ಅವನಿಗೆ ಬೇಜಾರು. ದುಡ್ಡು ಹೋಗಿರಲಿಲ್ಲ. ಫೈನ್ ನಿಜವಾಗಿ ಇದೆಯಾ ಅಂತ ಪೊಲೀಸರ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆವು. ಒಂದು ಇತ್ತು, ಹೆಲ್ಮೆಟ್ಟಿನದು!

ಈ ತಾಪತ್ರಯ ಬಾರದ ಹಾಗೆ ನಾನು ಎಲ್ಲರ ಫೋನಿನಲ್ಲೂ ಒಂದು ಸೆಟ್ಟಿಂಗ್ ನೋಡುತ್ತೇನೆ. "ಅನ್‌ನೋನ್ ಆಪ್ಸ್" ಇನ್‌ಸ್ಟಾಲ್ ಮಾಡುವ ಅನುಮತಿ ವಾಟ್ಸಾಪಿಗೆ, ಬ್ರೌಸರಿಗೆ ಇದ್ದರೆ ತೆಗೆದುಬಿಡುತ್ತೇನೆ.

ಪೊಲೀಸ್, ಸಿಬಿಐ ಅಂತ ಹೇಳಿಕೊಂಡು ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಓದಿದವರೂ ಬೀಳುತ್ತಾರೆ ಅಂತ ನನಗೆ ತಿಳಿದದ್ದು ರಿಟೈರ್ ಆದ ಅಂಕಲ್ ಒಬ್ಬರು ಪ್ರಿಂಟ್‌ಗೆ ಬಂದಾಗ. ಕಿವಿಗೆ ಇಯರ್‌ಫೋನ್, ಮುಖದಲ್ಲಿ ಬೆವರು. ಮಾತಿಲ್ಲ. ಫೋನ್ ಮುಂದೆ ಚಾಚಿ ಎರಡು ಬೆರಳು ತೋರಿಸಿದರು, ಎರಡು ಪುಟ ಅಂತ. ಪ್ರಿಂಟ್ ಹೊರಗೆ ಬರುವಾಗಲೇ ಕಣ್ಣಿಗೆ ಬಿತ್ತು. ಒಂದೇ ಹಾಳೆಯಲ್ಲಿ ಸಿಬಿಐ ಲಾಂಛನ, ರಿಸರ್ವ್ ಬ್ಯಾಂಕಿನ ಸೀಲು, ಸುಪ್ರೀಂ ಕೋರ್ಟಿನ ಹೆಸರು. ಅವರ ಆಧಾರ್ ನಂಬರ್ ಸರಿಯಾಗಿತ್ತು, ಅದೇ ಅವರನ್ನು ಹೆದರಿಸಿದ್ದು. ಕೆಳಗೆ "ವಿಚಾರಣೆ ಮುಗಿಯುವವರೆಗೆ ಯಾರಿಗೂ ತಿಳಿಸಬಾರದು" ಅಂತ ಇಂಗ್ಲಿಷಿನಲ್ಲಿ. ಸಹಿ ಹಾಕಿ ಸ್ಕ್ಯಾನ್ ಮಾಡಿ ವಾಪಸ್ ಕಳಿಸಬೇಕಂತೆ. ಲೈನಿನಲ್ಲಿ ಇನ್ನೂ ಯಾರೋ ಇದ್ದರು. ನಾನು ಮಾತಾಡಲಿಲ್ಲ. ಹಾಳೆ ತಿರುಗಿಸಿ ಹಿಂದೆ ದೊಡ್ಡದಾಗಿ ಬರೆದೆ: "ಅಂಕಲ್, ಇದು ಮೋಸ. ಫೋನ್ ಕಟ್ ಮಾಡಿ." ಅವರು ತಲೆಯಾಡಿಸಿ ಬೇಡ ಅಂದರು. ಮಗಳ ಹೆಸರು ಕೇಸಿನಲ್ಲಿ ಸೇರಿಸುತ್ತೇವೆ ಅಂದಿದ್ದರಂತೆ. ಕೊನೆಗೆ ನಾನೇ ಕೈಚಾಚಿ ಕೆಂಪು ಬಟನ್ ಒತ್ತಿದೆ. ಗ್ರಾಹಕರ ಫೋನನ್ನು ಕೇಳದೆ ಮುಟ್ಟುವುದು ನನ್ನ ಪದ್ಧತಿ ಅಲ್ಲ, ಅವತ್ತು ಮುಟ್ಟಿದೆ. ಆ ನಂಬರ್ ಮತ್ತೆ ಮತ್ತೆ ಹೊಡೆದುಕೊಂಡಿತು. ನೀರು ಕುಡಿದು ಕೂತ ಮೇಲೆ ಅವರೇ ಬ್ಲಾಕ್ ಮಾಡಿದರು.

ವಿಡಿಯೊ ಕಾಲ್‌ನಲ್ಲಿ ಬಂಧಿಸುವುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೂ ಇದನ್ನೇ ಹೇಳಿದ್ದರು. ಆದರೆ ಹೆದರಿದವರಿಗೆ ಕಾನೂನು ಹೇಳಿ ಪ್ರಯೋಜನ ಇಲ್ಲ. ಮೊದಲು ಆ ದನಿ ಕಿವಿಯಿಂದ ಆಚೆ ಹೋಗಬೇಕು. ದುಡ್ಡು ಹೋಗಿರಲಿಲ್ಲವಾದ್ದರಿಂದ ಆ ನಂಬರನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ವಿಭಾಗದಲ್ಲಿ ದಾಖಲಿಸಿದೆವು. ಬರೀ ಪ್ರಯತ್ನ ನಡೆದಾಗ ತಿಳಿಸುವ ಜಾಗ ಅದು.

ಅಂಗಡಿ ನಡೆಸುವವರಿಗೆ ಬೇರೆ ತರಹದ ಕಾಟ. ಹಸಿರು ಟಿಕ್ ಇರುವ ಸ್ಕ್ರೀನ್ ತೋರಿಸಿ "ಆಯ್ತು ಮೇಡಂ" ಅಂತ ಹೊರಡುತ್ತಾರೆ. ಅಂಥ ಸ್ಕ್ರೀನ್ ತೋರಿಸೋಕೇ ನಕಲಿ ಆಪ್‌ಗಳಿವೆ. ಸೌಂಡ್‌ಬಾಕ್ಸ್ ಕೂಗದಿದ್ದರೆ ನಾನು ಚಿಲ್ಲರೆ ಕೊಡುವುದಿಲ್ಲ, ಯಾರು ಬೇಜಾರು ಮಾಡಿಕೊಂಡರೂ ಸರಿ. ತಪ್ಪಿ ದುಡ್ಡು ಹಾಕಿಬಿಟ್ಟೆ, ವಾಪಸ್ ಹಾಕಿ ಅನ್ನುವ ಫೋನಿಗೂ ಅಷ್ಟೇ, ಎಸ್ಸೆಮ್ಮೆಸ್ ನೋಡದೆ ಬ್ಯಾಲೆನ್ಸ್ ನೋಡುತ್ತೇನೆ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಒತ್ತಿ ಅಂದರು ಅಂದರೆ ನಮ್ಮದು ಹೋಗುತ್ತಿದೆ ಅಂತಲೇ ಅರ್ಥ.

ಇಮೇಲ್ ತರುವವರು ಹೆಚ್ಚಾಗಿ ಕೆಲಸ ಹುಡುಕುವ ಹುಡುಗ ಹುಡುಗಿಯರು. ಆಫರ್ ಲೆಟರ್ ಪ್ರಿಂಟ್ ಮಾಡಿಸೋಕೆ ಬರುತ್ತಾರೆ. ಲೆಟರ್‌ಹೆಡ್ ದೊಡ್ಡ ಕಂಪನಿಯದು, ಕಳಿಸಿದವರ ವಿಳಾಸ ಜಿಮೇಲ್. ಲ್ಯಾಪ್‌ಟಾಪಿಗೆ ಡೆಪಾಸಿಟ್ ಕಟ್ಟಿ ಅಂತ ಕೊನೆಯ ಸಾಲಿನಲ್ಲಿ ಇರುತ್ತದೆ. ಕಳಿಸಿದವರ ಹೆಸರನ್ನು ಒತ್ತಿ ಪೂರ್ತಿ ವಿಳಾಸ ತೋರಿಸಿದರೆ ಅವರಿಗೇ ಅರ್ಥವಾಗುತ್ತದೆ. ಆಸೆ ಇಟ್ಟುಕೊಂಡು ಬಂದಿರುತ್ತಾರೆ, ಹೇಳೋದು ಕಷ್ಟ.

ದುಡ್ಡು ಹೋದ ಮೇಲೆ ಬಂದರೆ ಮಾತಿಗೆ ಮುಂಚೆ ಸೈಬರ್ ಮೋಸದ ಸಹಾಯವಾಣಿ 1930. ಅಲ್ಲಿಗೆ ಬೇಗ ತಿಳಿಸಿದಷ್ಟೂ, ದುಡ್ಡು ಕಳ್ಳರ ಅಕೌಂಟಿನಿಂದ ಮುಂದೆ ಹೋಗುವ ಮೊದಲೇ ತಡೆಹಿಡಿಯಲು ಆಗುತ್ತದೆ. ಲೈನ್ ಸಿಗುವಷ್ಟರಲ್ಲಿ ಅಕೌಂಟ್ ನಂಬರ್, ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ಯುಪಿಐ ವ್ಯವಹಾರದ 12 ಅಂಕಿ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಸುತ್ತೇನೆ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ತುಂಬಿಸುತ್ತೇನೆ. ಮೆಸೇಜು, ಕಾಲ್ ಲಿಸ್ಟ್ ಅಳಿಸಬೇಡಿ ಅಂತ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಾಚಿಕೆಯಿಂದ ಎಷ್ಟೋ ಜನ ಮೊದಲು ಅಳಿಸುವುದು ಅದನ್ನೇ. ಬ್ಯಾಂಕಿಗೂ ಆಗಲೇ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ಒಟಿಪಿ ಕೊಟ್ಟದ್ದು ನಾವೇ ಆದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ದೂರಿನ ನಂಬರನ್ನು ಪಾಸ್‌ಬುಕ್ಕಿನ ಒಳಗಡೆ ಪುಟದಲ್ಲಿ ಬರೆದುಕೊಡುತ್ತೇನೆ. ಬ್ಯಾಂಕಿನವರು, ಸ್ಟೇಷನ್ನಿನವರು ಇಬ್ಬರೂ ಮೊದಲು ಕೇಳುವುದು ಅದನ್ನೇ.