ಮುದಿ ರಾಜನ ಸೊಂಟದ ಬೀಗದ ಕೈ

ಕ್ರುಸೇಡರ್ ಕಿಂಗ್ಸ್ 3 ಅನ್ನುವ ಕಂಪ್ಯೂಟರ್ ಆಟ ನನಗೆ ಅಂಟಿಕೊಂಡಿದ್ದು ಮೈಸೂರಿನ ಕುವೆಂಪುನಗರದ ಬಾಡಿಗೆ ರೂಮಿನಲ್ಲಿ. ಕೆಲಸ ಮುಗಿಸಿ, ಊಟ ಮಾಡಿ ರಾತ್ರಿ ಹತ್ತಕ್ಕೆ ಕೂತರೆ ಎರಡು ಗಂಟೆ ಆಗಿದ್ದೇ ಗೊತ್ತಾಗುತ್ತಿರಲಿಲ್ಲ. 2020ರಲ್ಲಿ ಬಂದ ಆಟ. ಅದರ ನಕ್ಷೆಯಲ್ಲಿ ನಮ್ಮ ಕಡೆಯ ನೆಲವೂ ಇದೆ. 867ನೇ ಇಸವಿಯಿಂದ ಶುರು ಮಾಡಬಹುದು, ಅಂದರೆ ರಾಷ್ಟ್ರಕೂಟರ ಅಮೋಘವರ್ಷ ಇನ್ನೂ ಆಳುತ್ತಿದ್ದ ಕಾಲ. ನಾನು ಒಬ್ಬ ಸಣ್ಣ ಸಾಮಂತನನ್ನು ಆರಿಸಿಕೊಂಡೆ.

ಇಲ್ಲಿ ನಾವು ಆಡುವುದು ಒಂದು ರಾಜ್ಯವಾಗಿ ಅಲ್ಲ, ಒಬ್ಬ ಮನುಷ್ಯನಾಗಿ. ಅವನು ಸತ್ತರೆ ವಾರಸುದಾರನಾಗಿ ಮುಂದುವರಿಯಬೇಕು. ವಂಶದಲ್ಲಿ ಯಾರೂ ಉಳಿದಿಲ್ಲ ಅಂದರೆ ಆಟವೇ ಮುಗಿಯಿತು.

ನನ್ನ ಮೂರನೇ ತಲೆಮಾರಿನ ರಾಜ ಭಾರಿ ಗಟ್ಟಿಗ. ಎಪ್ಪತ್ತು ದಾಟಿದ್ದ, ಆರು ಗಂಡುಮಕ್ಕಳು. ಅಲಮೇಲಮ್ಮನ ಶಾಪ ಗೊತ್ತಲ್ವಾ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಅಂದಿದ್ದು? ನಾನು ಆ ಶಾಪ ನನಗೂ ಸ್ವಲ್ಪ ತಟ್ಟಲಿ ಅಂತ ಬೇಡಿಕೊಳ್ಳುವ ಹಾಗಾಗಿತ್ತು. ಯಾಕೆಂದರೆ ಆಟದ ಶುರುವಿನ ಕಾಲದಲ್ಲಿ ಹಿರಿಮಗನಿಗೇ ಎಲ್ಲಾ ಅನ್ನುವ ಕಾನೂನು ಸಿಗುವುದಿಲ್ಲ. ರಾಜ ಸತ್ತ ದಿನವೇ ಪಾಲು. ಮುದುಕ ಕಣ್ಣು ಮುಚ್ಚಿದ, ನಾನು ನಲವತ್ತು ಗಂಟೆ ಕೂತು ಕಟ್ಟಿದ್ದು ಚೂರುಚೂರಾಯಿತು. ಹಿಂದಿನ ಸೇವ್‌ಗೆ, ಅಂದರೆ ಮೊದಲೇ ಉಳಿಸಿಟ್ಟಿದ್ದ ಹಂತಕ್ಕೆ ಹೋಗಿ ಮತ್ತೆ ಆಡಿದೆ. ಮತ್ತೆ ಸತ್ತ. ಮತ್ತೆ ಹಿಂದಕ್ಕೆ. ಹೀಗೆ ಎಷ್ಟು ಸಲ ಮಾಡಿದೆ ಅಂತ ಹೇಳಲು ನಾಚಿಕೆ. ಒಳ್ಳೆಯ ವೈದ್ಯನನ್ನು ಹುಡುಕಿ ಇಟ್ಟುಕೊಂಡೆ, ಯುದ್ಧ ನಿಲ್ಲಿಸಿದೆ, ಮುದುಕನನ್ನು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ನೋಡಿಕೊಂಡೆ.

ಆಸೆಬುರುಕತನ ಅಂದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ತುಂಬಾ ವರ್ಷ ಆಳಿದವನನ್ನು ಸಾಮಂತರು ಮೆಚ್ಚುತ್ತಾರೆ, ಹೊಸದಾಗಿ ಪಟ್ಟಕ್ಕೆ ಬಂದವನನ್ನು ಕಂಡರೆ ಅವರಿಗೆ ಆಗುವುದಿಲ್ಲ. ನಾನು ಹೇಳುತ್ತಿರುವುದು ಊಹೆ ಅಲ್ಲ, ಆಟವೇ ಅದಕ್ಕೆ ಅಂಕ ಕೊಟ್ಟು ಲೆಕ್ಕ ಇಡುತ್ತದೆ. ಅಪ್ಪ ವರ್ಷಗಟ್ಟಲೆ ಕಲಿತ ಚಾತುರ್ಯ ಮಗನಿಗೆ ಬರುವುದಿಲ್ಲ. ಅಪ್ಪನ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಮಗನ ಮೇಲೆ ಗುಂಪು ಕಟ್ಟುತ್ತಾರೆ. ಕೈ ಬದಲಾಗುವ ದಿನವೇ ಅತಿ ಕೆಟ್ಟ ದಿನ ಅಂತಾದರೆ, ಆ ದಿನವನ್ನು ಮುಂದೂಡದೆ ಇನ್ನೇನು ಮಾಡುತ್ತಾನೆ ಮನುಷ್ಯ?

ಇದು ನನಗೆ ಹೊಳೆದದ್ದು ಮಂಡ್ಯದ ಹತ್ತಿರದ ನಮ್ಮ ಊರಿಗೆ ಹೋದಾಗ. ತಾತನಿಗೆ ನಾಲೆ ಬಯಲಿನಲ್ಲಿ ಕಬ್ಬಿನ ಗದ್ದೆ ಇತ್ತು. ಸಾಯುವ ತನಕ ಪಹಣಿಯಲ್ಲಿ ಅವರದೇ ಹೆಸರು, ಬೀರುವಿನ ಬೀಗದ ಕೈ ಅವರ ಸೊಂಟದಲ್ಲೇ. ಅವರು ಹೋದ ಮೇಲೆ ಅಪ್ಪ, ಚಿಕ್ಕಪ್ಪ ಇಬ್ಬರೂ ಪೌತಿ ಖಾತೆಗೆ ಅಂತ ವರ್ಷಾನುಗಟ್ಟಲೆ ಅಲೆದರು, ಕೊನೆಗೆ ಮಾತೂ ಬಿಟ್ಟರು. ಅಜ್ಜಿ ಅದನ್ನೇ ಹೇಳಿಕೊಂಡು, 'ಇರುವಾಗಲೇ ಕೊಟ್ಟಿದ್ರೆ ಈ ಗೋಳು ಇರ್ತಿತ್ತೇನೋ ಮಗಾ' ಅಂತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ರೂಮಿಗೆ ಬಂದವನೇ ಹೊಸ ಆಟ ಶುರು ಮಾಡಿದೆ. ಈ ಸಲ ಹಿರಿಮಗ ಚಿಕ್ಕವನಿರುವಾಗಲೇ ನಾನೇ ಅವನ ಗುರುವಾದೆ. ಆಟದಲ್ಲಿ ಹದಿನಾರಕ್ಕೆ ಪ್ರಾಯಕ್ಕೆ ಬರುತ್ತಾರೆ, ಅಷ್ಟರೊಳಗೆ ಅವನ ಗುಣ ನಮ್ಮ ಕೈಯಲ್ಲಿ ಸ್ವಲ್ಪ ಇರುತ್ತದೆ. ಪ್ರಾಯಕ್ಕೆ ಬಂದ ಕೂಡಲೇ ಒಂದು ಸೀಮೆ ಕೊಟ್ಟೆ. ಅವನ ಕೈಯಲ್ಲಿ ಆಗಲೇ ಇರುವುದನ್ನು ನಾನು ಸತ್ತಾಗ ತಮ್ಮಂದಿರು ಪಾಲು ಕೇಳುವ ಹಾಗಿಲ್ಲ. ಒಬ್ಬ ತಮ್ಮನನ್ನು ಮಠಕ್ಕೆ ಕಳಿಸಿದೆ. (ಕೆಲವರು ತಮ್ಮಂದಿರನ್ನು ಯುದ್ಧಕ್ಕೆ ಕಳಿಸಿ ಮುಗಿಸಿಬಿಡುತ್ತಾರೆ. ನನಗೆ ಮನಸ್ಸು ಬರಲಿಲ್ಲ, ಆಟವಾದರೂ.)

ಕೊಟ್ಟ ಮೇಲೆ ಅಸಲಿ ಕಷ್ಟ ಗೊತ್ತಾಯಿತು. ಆ ಸೀಮೆಯನ್ನು ಈಗ ಆಳುವುದು ಅವನು, ಅಂದರೆ ಕಂಪ್ಯೂಟರ್. ನಾನು ಕೆರೆಗೆ ಕೆರೆ ಸೇರಿಸಿದ ಹಾಗೆ ಲೆಕ್ಕ ಹಾಕಿ ಬೆಳೆಸಿದ ಜಾಗದಲ್ಲಿ ಅವನು ಏನೇನೋ ಕಟ್ಟಿಸುತ್ತಾನೆ, ನಾನು ಸುಮ್ನೆ ನೋಡುತ್ತಾ ಕೂರಬೇಕು. ನನ್ನ ಆದಾಯ ಇಳಿಯಿತು, ದಂಡು ಚಿಕ್ಕದಾಯಿತು, ಮಾಡಲು ಕೆಲಸವೂ ಕಡಿಮೆ. ಎರಡು ಸಲ ವಾಪಸ್ ಕಿತ್ತುಕೊಳ್ಳುವ ಬಟನ್ ಮೇಲೆ ಮೌಸ್ ಇಟ್ಟು ತೆಗೆದೆ.

ಈಗ ರಾಜನಿಗೆ ಅರವತ್ತೆಂಟು. ಮೂರು ಸೀಮೆ ಕೊಟ್ಟಾಗಿದೆ. ರಾಜಧಾನಿ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.