ಅರ್ಕಾವತಿಯ ಮರಳಲ್ಲಿ ಜಿಪ್ಸಿ ಹೂತಾಗ

ನನ್ನ ಮಾರುತಿ ಜಿಪ್ಸಿ ಜೀಪು ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಹಗುರ ಗಾಡಿ, ಜೊತೆಗೆ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ. ಮರಳಲ್ಲಿ ಹೂಳುವುದಿಲ್ಲ ಅಂತಲೇ ನಂಬಿದ್ದೆ. ಕನಕಪುರದಾಚೆ ಅರ್ಕಾವತಿ ಹೊಳೆಯಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ಅದು ಸುಳ್ಳಾಯಿತು.

ಮೇಲಿಂದ ನೋಡಿದರೆ ಒಣಮರಳು, ಒಳ್ಳೆ ಕಣದ ಹಾಗೆ ಸಮತಟ್ಟು. ಇಪ್ಪತ್ತು ಅಡಿ ಹೋಗಿರಬೇಕು, ಎಂಜಿನ್ ದನಿ ಭಾರವಾಯಿತು. ಆಗಲೇ ಕಾಲು ತೆಗೆಯಬೇಕಿತ್ತು. ನಾನು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಎಡಗಾಲಿ ಗರ್ರನೆ ತಿರುಗಿ ಮರಳು ಎರಚಿತು, ಗಾಡಿ ಕೂತಿತು. ಇಳಿದು ನೋಡಿದರೆ ಹಿಂದಿನ ಗಾಲಿಗಳ ನಡುವಿನ ಆಕ್ಸಲ್ಲಿನ ಉಂಡೆ ನೆಲಕ್ಕೆ ತಾಗಿದೆ. ಗಾಲಿ ಕೆರೆದ ಗುಂಡಿಯಲ್ಲಿ ಮೇಲೆ ಗೇಣುದ್ದ ಬಿಳಿ ಮರಳು, ಅದರಡಿ ಕರೀ ಗೋಡು, ಮೋರಿ ವಾಸನೆ.

ಆ ವಾಸನೆ ನಮ್ಮ ಬೆಂಗಳೂರಿನದೇ. ವೃಷಭಾವತಿ ಹೊಳೆ ಊರಿನ ಕೊಳಚೆ ಹೊತ್ತು ಕೆಂಗೇರಿ, ಭೈರಮಂಗಲ ಕೆರೆ ದಾಟಿ ಕನಕಪುರದ ಹತ್ತಿರ ಅರ್ಕಾವತಿಗೆ ಸೇರುತ್ತದೆ. ಮರಳು ತೆಗೆದ ಹಳೇ ಗುಂಡಿಗಳಲ್ಲಿ ಈ ಗೋಡು ತುಂಬಿಕೊಂಡು, ಮುಂದಿನ ಮಳೆಗೆ ಮೇಲೊಂದು ಪದರ ಮರಳು ಕೂರುತ್ತದೆ. ನಂದಿ ಬೆಟ್ಟದಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಿಂತು ನಮಗೆ ಕುಡಿಯುವ ನೀರು ಕೊಟ್ಟ ಹೊಳೆಯಿದು. ಮೊಣಕಾಲೂರಿ ಆ ಗೋಡು ಕೈಯಲ್ಲಿ ಎತ್ತುವಾಗ ಹೊಟ್ಟೆ ಸಂಕಟವಾಯಿತು.

ದಡದಲ್ಲಿ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದರು. "ಇನ್ನ ತಿರುಗಿಸ್ಬ್ಯಾಡಿ ಸ್ವಾಮಿ, ತಿರುಗಿಸ್ದಷ್ಟೂ ಒಳೀಕೆ ಹೋಯ್ತದೆ" ಅಂದರು. ದಡದ ಮೇಲೆ ಬೊಲೆರೊ ನಿಲ್ಲಿಸಿದ್ದ ಗೆಳೆಯ, "ಹಗ್ಗ ಕಟ್ಟಿ ಎಳೆದುಬಿಡ್ತೀನಿ, ಐದು ನಿಮಿಷ" ಅಂದ. ನಾನು ಒಪ್ಪಲಿಲ್ಲ. ಹೊಟ್ಟೆ ನೆಲಕ್ಕೆ ಕಚ್ಚಿದ ಗಾಡಿಯನ್ನು ಜಗ್ಗಿದರೆ ಅಷ್ಟೂ ಭಾರ ಹುಕ್ಕಿನ ಮೇಲೆ ಬೀಳುತ್ತದೆ. ಹುಕ್ಕು ಕಿತ್ತು ಹಗ್ಗದ ಜೊತೆ ಹಾರಿದರೆ ಎದುರಿಗಿದ್ದವರ ಜೀವ ಹೋಗುತ್ತದೆ.

ಸನಿಕೆ ಹಿಡಿದು ಮೊದಲು ತೋಡಿದ್ದು ಹೊಟ್ಟೆಯಡಿಯ ಮರಳನ್ನು, ಆಮೇಲೆ ಗಾಲಿಗಳ ಹಿಂದಿನದನ್ನು. ಬರಿ ಮರಳಿನ ಮೇಲೆ ಇಟ್ಟರೆ ಜಾಕೇ ಇಳಿದುಹೋಗುತ್ತದೆ, ಅದಕ್ಕೆ ಕೆಳಗೆ ಎರಡಡಿ ಹಲಗೆ ಕೊಟ್ಟೆ. ಎಡಗಾಲಿ ಎದ್ದಮೇಲೆ ಗುಂಡಿಗೆ ಕಲ್ಲು ತುಂಬಿ, ಹಿರಿಯರು ಎಳೆದು ತಂದ ತೆಂಗಿನ ಗರಿ ಹಾಸಿದೆವು.

ಇಷ್ಟಕ್ಕಿಂತ ಮುಖ್ಯ ಗಾಳಿ. ರಸ್ತೆಗೆ ನಾನು ಟೈರಿನ ಗಾಳಿಯ ಒತ್ತಡ 26 ಪಿಎಸ್‌ಐ ಇಡುತ್ತೇನೆ. ವಾಲ್ವಿನ ಮೂತಿಗೆ ಕಡ್ಡಿ ಒತ್ತಿ ನಾಲ್ಕು ಟೈರನ್ನೂ 15ಕ್ಕೆ ಇಳಿಸಿದೆ. ಬಿಸಿ ಗಾಳಿ ಬೆರಳಿಗೆ ಬಡಿಯುತ್ತಾ, ಟೈರಿನ ಪಕ್ಕೆ ಮೆಲ್ಲಗೆ ಉಬ್ಬಿತು, ನೆಲಕ್ಕೆ ತಾಗುವ ಭಾಗ ಕಣ್ಣೆದುರೇ ಉದ್ದವಾಯಿತು. ಭಾರ ಹರಡಿಕೊಂಡಾಗ ಟೈರು ಮರಳನ್ನು ಕೊರೆಯುವುದಿಲ್ಲ, ಅದರ ಮೇಲೆ ನಡೆಯುತ್ತದೆ. ಹೊಳೆಗೆ ಇಳಿಯುವ ಮೊದಲೇ ಇದನ್ನು ಮಾಡಿದ್ದರೆ ಸನಿಕೆ ಮುಟ್ಟುವ ಪ್ರಮೇಯವೇ ಬಹುಶಃ ಇರುತ್ತಿರಲಿಲ್ಲ.

ಅಷ್ಟರಲ್ಲಿ ಹಿರಿಯರು ಉತ್ತರಕ್ಕೆ ಕೈ ತೋರಿಸಿದರು. "ಬೆಂಗ್ಳೂರ್ ಕಡೆ ಕಪ್ಪಾಗದೆ. ಅಲ್ಲಿ ಉಯ್ದ್ರೆ ಇಲ್ಲಿಗ್ ನೀರ್ ಬತ್ತದೆ." ಇಲ್ಲಿ ಹನಿ ಬೀಳದಿದ್ದರೂ ಹೊಳೆ ಏರಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಮುಂದಕ್ಕೆ ಹೋಗುವ ಯೋಚನೆ ಬಿಟ್ಟೆ. ಬಂದ ಜಾಡಿನಲ್ಲಿ ಮರಳು ಆಗಲೇ ಅದುಮಿಕೊಂಡು ಗಟ್ಟಿಯಾಗಿರುತ್ತದೆ. ಫೋರ್ ಲೋ (ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ರಿವರ್ಸ್ ಕೊಟ್ಟೆ. ಆಕ್ಸಿಲರೇಟರ್ ಮೇಲೆ ಕಾಲು ಬರೀ ಸೋಕಿತ್ತು. ಮೊದಲ ಸಲ ಗಾಲಿ ಜಾರಿದ್ದೇ ನಿಲ್ಲಿಸಿದೆ. ಗರಿಯನ್ನು ಇನ್ನಷ್ಟು ಒಳಕ್ಕೆ ತುರುಕಿದೆವು. ಎರಡನೇ ಸಲ ಗಾಡಿ ಎದ್ದು, ನಿಲ್ಲದೆ ದಡದವರೆಗೂ ಬಂತು.

ಈಗೆಲ್ಲ ಹೊಳೆಗೆ ಗಾಡಿ ಇಳಿಸುವ ಮೊದಲು ಹಾರೆ ಹಿಡಿದು ನಡೆದು ಬರುತ್ತೇನೆ. ಹಾರೆ ಸಲೀಸಾಗಿ ಇಳಿದು, ಮೇಲೆತ್ತಿದಾಗ ತುದಿ ಕರ್ರಗಿದ್ದರೆ ಆ ಕಡೆ ಗಾಡಿ ಹೋಗುವುದಿಲ್ಲ. ಕಡಿಮೆ ಗಾಳಿಯಲ್ಲಿ ರಸ್ತೆ ಮೇಲೆ ಜೋರಾಗಿ ಓಡಿಸಿದರೆ ಟೈರು ಕಾಯುತ್ತದೆ, ಹಾಗಾಗಿ ಪಂಚರ್ ಅಂಗಡಿ ಸಿಗುವವರೆಗೂ ಗಂಟೆಗೆ 30 ಕಿಲೋಮೀಟರ್ ವೇಗದ ಮೇಲೆ ಹೋಗುವುದಿಲ್ಲ.

ಹೊರಡುವಾಗ ಹಿರಿಯರ ಕೈಗೆ ದುಡ್ಡು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಆ ಗುಂಡಿ ಮುಚ್ಚಿ ವೋಗಿ ಸ್ವಾಮಿ, ಮೇಕೆ ಕಾಲು ಸಿಕ್ಕತದೆ" ಅಂದರು. ನಾನೂ ಗೆಳೆಯನೂ ಮತ್ತೆ ಸನಿಕೆ ಹಿಡಿದು ಇಳಿದೆವು.